ಹಿರೇಗುಡ್ಡದ ಕುಟ್ಟುಚಿತ್ರ ನೋಡಲು ಹೊರಟವರಿಗೆ

ಬಳ್ಳಾರಿಯಿಂದ ಎಂಟು ಕಿಲೋಮೀಟರ್ ಆಚೆಗಿರುವ ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೋಗಿ ಬಂದವರಲ್ಲಿ ಎರಡು ಥರದವರಿದ್ದಾರೆ. "ಏನೈತ್ರೀ ಅಲ್ಲಿ, ಬರೇ ಕರಿ ಗುಂಡು" ಅನ್ನುವವರು ಒಂದು ಕಡೆ. ಅದೇ ಗುಂಡುಗಳ ಮೇಲೆ ಹಿಂದಿನವರು ಕಲ್ಲಿನಿಂದ ಕುಟ್ಟಿ ಮೂಡಿಸಿದ ಎತ್ತು, ಕುಣಿಯುವ ಮನುಷ್ಯರು, ಬಿಲ್ಲು ಹಿಡಿದವರು, ಆನೆ ಎಲ್ಲವನ್ನೂ ನೋಡಿ, ಫೋನಿನ ಚಾರ್ಜು ಮುಗಿಯುವ ತನಕ ಫೋಟೊ ತೆಗೆದು ಬರುವವರು ಇನ್ನೊಂದು ಕಡೆ. ಇಬ್ಬರೂ ಹತ್ತಿದ್ದು ಒಂದೇ ಗುಡ್ಡ, ನಿಂತಿದ್ದು ಒಂದೇ ಬಂಡೆ ಮುಂದೆ. ಮೊದಲನೆಯವರು ಹನ್ನೆರಡು ಗಂಟೆಗೆ ಹೋಗಿದ್ದರು, ಎರಡನೆಯವರು ಏಳೂವರೆಗೆ. ವ್ಯತ್ಯಾಸ ಇಷ್ಟೇ. ಆದ್ದರಿಂದ ದಾರಿ, ಬುತ್ತಿ, ಬೂಟಿಗಿಂತ ಹೆಚ್ಚು ಜಾಗವನ್ನು ಈ ಬರಹದಲ್ಲಿ ಬಿಸಿಲಿಗೇ ಕೊಟ್ಟಿದ್ದೇನೆ.

ಹೊರಡುವ ಮುನ್ನ ಇಷ್ಟು ತಿಳಿದಿರಲಿ

ಪುಸ್ತಕಗಳಲ್ಲಿ, ಅಂತರ್ಜಾಲದಲ್ಲಿ ಹುಡುಕುವಾಗ ಸಂಗನಕಲ್ಲು, ಕಪ್ಪಗಲ್ಲು, ಕುಪ್ಗಲ್, ಹಿರೇಗುಡ್ಡ ಎಂಬ ನಾಲ್ಕೂ ಹೆಸರು ಸಿಗುತ್ತವೆ. ಇವೆಲ್ಲ ಹೆಚ್ಚುಕಡಿಮೆ ಒಂದೇ ಗುಡ್ಡಗಳ ಗುಂಪಿನ ಮಾತು. ಹಿರೇಗುಡ್ಡದ ಪಕ್ಕದಲ್ಲೇ ಸನ್ನರಾಚಮ್ಮ ಗುಡ್ಡ, ಚೌಡಮ್ಮನ ಗುಡ್ಡ ಇವೆ. ಮೂರರಲ್ಲೂ ನವಶಿಲಾಯುಗದ ಜನ ಓಡಾಡಿದ, ಬದುಕಿದ ಗುರುತುಗಳಿವೆ. ದಕ್ಷಿಣ ಭಾರತದ ನವಶಿಲಾಯುಗವೆಂದರೆ ಸುಮಾರು ಕ್ರಿ.ಪೂ. 3000ರಿಂದ ಕ್ರಿ.ಪೂ. 1200ರವರೆಗಿನ ಕಾಲ. ಆಗಿನ್ನೂ ಇಲ್ಲಿಗೆ ಕಬ್ಬಿಣ ಬಂದಿರಲಿಲ್ಲ. ಆ ಜನ ದನ, ಕುರಿ, ಮೇಕೆ ಸಾಕುತ್ತಿದ್ದರು, ಹುರುಳಿ, ಹೆಸರು, ಕೊರಲೆ ಬೆಳೆದು ಉಣ್ಣುತ್ತಿದ್ದರು. ಈಚೆಗೆ ಸಿರಿಧಾನ್ಯದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಅದೇ ಕೊರಲೆ.

ಗುಡ್ಡದ ಮೈಯೆಲ್ಲ ಕೆಂಪು-ಬೂದು ಬಣ್ಣದ ಗ್ರಾನೈಟ್. ಅದರ ನಡುವೆ ಕರಿಕಲ್ಲಿನದೊಂದು ಪಟ್ಟೆ ಹಾದುಹೋಗಿದೆ. ಕೋಟ್ಯಂತರ ವರ್ಷಗಳ ಹಿಂದೆ ಗ್ರಾನೈಟಿನ ಬಿರುಕಿನೊಳಗೆ ಕರಗಿದ ಶಿಲೆ ನುಗ್ಗಿ, ಆರಿ ಗಟ್ಟಿಯಾಗಿದ್ದು ಅದು. ಭೂವಿಜ್ಞಾನಿಗಳು ಇದನ್ನು ಡಾಲರೈಟ್ ಡೈಕ್ ಎನ್ನುತ್ತಾರೆ. ಕುಟ್ಟುಚಿತ್ರಗಳು ಬಹುಮಟ್ಟಿಗೆ ಇರುವುದು ಈ ಕರಿಕಲ್ಲಿನ ಗುಂಡುಗಳ ಮೇಲೆಯೇ. ಕಲ್ಲಿನ ಕೊಡಲಿ ಮಾಡುತ್ತಿದ್ದದ್ದೂ ಇದೇ ಕಲ್ಲಿನಿಂದ, ಇದೇ ಗುಡ್ಡದ ಮೇಲೆ. ಕೊಡಲಿ ಎಬ್ಬಿಸುವಾಗ ಹಾರಿದ ಚಕ್ಕೆಗಳು ಇವತ್ತಿಗೂ ಕಾಲಡಿ ಸಿಗುತ್ತವೆ. ಹೀಗಾಗಿ ಗುಡ್ಡ ಹತ್ತುವಾಗ ಎಲ್ಲ ಬಂಡೆಗಳನ್ನೂ ತಡಕುತ್ತ ಕೂರಬೇಡಿ. ಕರಿಗುಂಡಿನ ಸಾಲು ಎಲ್ಲಿದೆ ಎಂದು ಮೊದಲು ಕಂಡುಕೊಳ್ಳಿ, ಅರ್ಧ ಕೆಲಸ ಮುಗಿದಂತೆ.

ಈ ಚಿತ್ರಗಳ ಬಗ್ಗೆ 1892ರಲ್ಲಿ ಬ್ರಿಟಿಷ್ ಅಧಿಕಾರಿ ಫ್ರೆಡ್ ಫಾಸೆಟ್ ಬರೆದಿದ್ದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಗುಡ್ಡಗಳನ್ನು ಸುತ್ತಿ ಕಲ್ಲಿನ ಆಯುಧಗಳನ್ನು ಗುಡ್ಡೆಹಾಕಿದವನು. ಸ್ವಾತಂತ್ರ್ಯದ ಹೊತ್ತಿಗೆ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ತೊಂಬತ್ತರ ದಶಕದ ಕೊನೆಯಿಂದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೋವಿನ್ ಮುಂತಾದ ಪುರಾತತ್ವಜ್ಞರ ತಂಡ ವರ್ಷಗಟ್ಟಲೆ ಇಲ್ಲಿ ಕೆಲಸ ಮಾಡಿತು. ಬೋವಿನ್ 2004ರಲ್ಲಿ ಇಲ್ಲಿನ ಚಿತ್ರ ಮತ್ತು ಬಡಿದರೆ ನುಡಿಯುವ ಗುಂಡುಗಳ ನಾದದ ಬಗ್ಗೆ ಬರೆದ ಪ್ರಬಂಧ ಹೊರಬಂದ ಮೇಲೆ ಹಿರೇಗುಡ್ಡ ಹೊರದೇಶದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಬಳ್ಳಾರಿಯವರಾದ ನಮಗೆ ಆ ಮೇಲೆ ನೆನಪಾಯಿತು.

ಸಾಧ್ಯವಾದರೆ ಗುಡ್ಡಕ್ಕೆ ಹೋಗುವ ಹಿಂದಿನ ದಿನ ಬಳ್ಳಾರಿಯಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ನೋಡಿ. ತೆರೆಯುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಗುಡ್ಡ ನೋಡಿ ಆಮೇಲೆ ಮ್ಯೂಸಿಯಂ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಉಜ್ಜಿ ನುಣುಪು ಮಾಡಿದ ಕೊಡಲಿಯನ್ನೂ ಅರ್ಧಕ್ಕೆ ಬಿಟ್ಟ ಕೊಡಲಿಯನ್ನೂ ಒಮ್ಮೆ ಕಣ್ಣಾರೆ ಕಂಡಿದ್ದರೆ, ಗುಡ್ಡದ ಮೇಲೆ ಬಿದ್ದಿರುವುದು ಬರೀ ಕಲ್ಲುಚೂರೋ ಮನುಷ್ಯ ಮುರಿದ ಚಕ್ಕೆಯೋ ಎಂದು ತಾನಾಗಿ ಗೊತ್ತಾಗುತ್ತದೆ.

ಯಾವ ತಿಂಗಳು, ಯಾವ ಹೊತ್ತು

ಕುಟ್ಟುಚಿತ್ರ ಅಂದರೆ ಬಾದಾಮಿ, ಹಂಪಿಯ ಶಿಲ್ಪದ ಥರ ಆಳವಾಗಿ ಕಡೆದದ್ದಲ್ಲ. ಕೈಗೆ ಸಿಕ್ಕ ಗಟ್ಟಿ ಕಲ್ಲಿನಿಂದ ಬಂಡೆಯ ಮೇಲ್ಪದರವನ್ನು ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಎಬ್ಬಿಸಿದ್ದು. ಆಳ ಬಹಳ ಕಡಿಮೆ. ಬಿಸಿಲು ಬಂಡೆಗೆ ನೇರ ಬಿದ್ದಾಗ ಆ ಚುಕ್ಕಿಗಳಲ್ಲಿ ನೆರಳೇ ನಿಲ್ಲುವುದಿಲ್ಲ, ನೆರಳಿಲ್ಲದೆ ಚಿತ್ರ ಕಾಣುವುದಿಲ್ಲ. ಬಿಸಿಲು ಬಂಡೆಯ ಮೈಯನ್ನು ಸವರಿಕೊಂಡು ಅಡ್ಡ ಬಂದಾಗ ಮಾತ್ರ ಒಂದೊಂದು ಕುಟ್ಟಿಗೂ ಒಂದೊಂದು ನೆರಳಿನ ಅಂಚು ಹುಟ್ಟಿ, ಎತ್ತಿನ ಬೆನ್ನು, ಭುಜದ ಮೇಲಿನ ಡುಬ್ಬ, ಉದ್ದನೆಯ ಕೋಡು ಮೇಲೆದ್ದು ಬರುತ್ತವೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಚಳಿ ಇರುತ್ತದೆ ಅನ್ನುವುದು ಅರ್ಧ ಕಾರಣ. ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ ಡಿಸೆಂಬರಿನ ಮಧ್ಯಾಹ್ನವೂ ನಡುನೆತ್ತಿಗೆ ಬರುವುದಿಲ್ಲ ಅನ್ನುವುದು ಉಳಿದರ್ಧ. ಅದೇ ಮೇ ತಿಂಗಳ ಮೊದಲ ದಿನಗಳಲ್ಲಿ ಬಳ್ಳಾರಿಯ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನಿಮ್ಮ ನೆರಳು ನಿಮ್ಮ ಕಾಲಡಿಯಲ್ಲೇ ಉಳಿಯುತ್ತದೆ. ಆಗ ಗುಡ್ಡದ ಮೇಲೆ ಮಲಗಿದಂತಿರುವ ಬಂಡೆಗಳಲ್ಲಿ ಚಿತ್ರ ಹುಡುಕುವುದು ವ್ಯರ್ಥ. ಜೊತೆಗೆ ನಲವತ್ತು ಡಿಗ್ರಿ ದಾಟಿದ ಬಳ್ಳಾರಿ ಬಿಸಿಲಲ್ಲಿ ಕರಿಕಲ್ಲು ಎಷ್ಟು ಕಾಯುತ್ತದೆಂದು ನಮ್ಮೂರವರಿಗೆ ಹೇಳಬೇಕಿಲ್ಲ.

ದಿನದ ಲೆಕ್ಕ ಹೀಗಿಟ್ಟುಕೊಳ್ಳಿ. ಹೊತ್ತು ಹುಟ್ಟಿದ ಅರ್ಧ ಗಂಟೆಯೊಳಗೆ ಗುಡ್ಡದ ಬುಡದಲ್ಲಿರಬೇಕು. ಅಲ್ಲಿಂದ ಮುಂದಿನ ಎರಡು ಗಂಟೆ ನೋಡುವ ಹೊತ್ತು. ಒಂಬತ್ತೂವರೆ, ಹತ್ತರ ಮೇಲೆ ಮಲಗಿದ ಬಂಡೆಗಳನ್ನು ಬಿಟ್ಟು ನಿಂತ ಬಂಡೆಗಳ ಕಡೆ ಹೋಗಿ. ಯಾಕೆಂದರೆ ಗೋಡೆಯಂತೆ ನೆಟ್ಟಗೆ ನಿಂತ ಕಲ್ಲಿಗೆ ಮೇಲಿನ ಬಿಸಿಲೇ ಸವರುವ ಬಿಸಿಲಾಗುತ್ತದೆ. ಮಲಗಿದ ಬಂಡೆಗೆ ಹೊತ್ತು ಕೆಳಗಿರಬೇಕು, ನಿಂತ ಬಂಡೆಗೆ ಹೊತ್ತು ಆ ಮೈಯನ್ನು ದಾಟುವ ಗಳಿಗೆ ಬೇಕು. ಇಷ್ಟು ತಲೆಯಲ್ಲಿದ್ದರೆ ಗಡಿಯಾರ ನೋಡುವುದೂ ಬೇಡ. ಉತ್ತರಕ್ಕೆ ಮುಖ ಮಾಡಿದ ಬಂಡೆಗಳಿಗೆ ಚಳಿಗಾಲದುದ್ದಕ್ಕೂ ನೇರ ಬಿಸಿಲೇ ತಾಗುವುದಿಲ್ಲ. ಜೂನ್ ನಡುಭಾಗದಲ್ಲಿ ಮಾತ್ರ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದು, ಅವುಗಳ ಮೈಯನ್ನು ಮೇಲಿನಿಂದ ಕೆಳಕ್ಕೆ ಸವರುತ್ತಾನೆ. ಮುಂಗಾರಿನ ಮೋಡ ಬಿಟ್ಟುಕೊಟ್ಟರೆ ಆ ಒಂದು ಗಂಟೆ ಬೆಳಿಗ್ಗೆಯಷ್ಟೇ ಚೆನ್ನಾಗಿರುತ್ತದೆ. ಇದಕ್ಕಾಗಿಯೇ ಜೂನಿನಲ್ಲಿ ಹೋಗಿ ಎನ್ನುವುದಿಲ್ಲ. ಹುಚ್ಚು ಹಿಡಿದವರಿಗೆ ಹೇಳಿಟ್ಟಿದ್ದೇನೆ ಅಷ್ಟೆ.

ಸಂಜೆಯ ಬೆಳಕೂ ಬೆಳಗಿನಷ್ಟೇ ಒಳ್ಳೆಯದು, ಪಡುವಣಕ್ಕೆ ಮುಖ ಮಾಡಿದ ಬಂಡೆಗಳಿಗಂತೂ ಅದೇ ಸರಿ. ಆದರೆ ಕತ್ತಲಾಗುವ ಮುಂಚೆ ಇಳಿದಿರಬೇಕೆಂಬ ಅವಸರ ಇರುತ್ತದೆ, ಗುಂಡುಗಳ ನಡುವೆ ಅವಸರದಲ್ಲಿ ಇಳಿಯುವುದು ಒಳ್ಳೆಯದಲ್ಲ. ಮೊದಲ ಸಲ ಹೋಗುವವರು ಬೆಳಿಗ್ಗೆಯೇ ಹೋಗಿ.

ಮೋಡದ ದಿನ ಸಿಕ್ಕಿಹಾಕಿಕೊಂಡಿರೋ, ಅಥವಾ ತಡವಾಗಿ ಹೋಗಿದ್ದೀರೋ, ಅದಕ್ಕೂ ದಾರಿಯಿದೆ. ಒಬ್ಬರು ಕರಿ ಕೊಡೆ ಬಿಚ್ಚಿ ಬಂಡೆಯ ಮೇಲೆ ನೆರಳು ಮಾಡಲಿ. ಇನ್ನೊಬ್ಬರು ಎಲ್‌ಇಡಿ ಟಾರ್ಚನ್ನು ಬಂಡೆಗೆ ತಾಗದಂತೆ, ಆದರೆ ಅದರ ಮೈಗೆ ಸಮನಾಗಿ ಪಕ್ಕದಿಂದ ಹಿಡಿಯಲಿ. ಟಾರ್ಚನ್ನು ಬಂಡೆಯ ಸುತ್ತ ನಿಧಾನಕ್ಕೆ ತಿರುಗಿಸುತ್ತ ಬಂದರೆ ಒಂದು ಕೋನದಲ್ಲಿ ಕಾಲು, ಇನ್ನೊಂದರಲ್ಲಿ ಕೋಡು ಕಾಣುತ್ತ ಹೋಗುತ್ತದೆ. ಬಿಸಿಲಿದ್ದರೆ ಟಾರ್ಚೂ ಬೇಡ, ಮನೆಯ ಕೈಗನ್ನಡಿ ಸಾಕು. ನೆರಳಾದ ಬಂಡೆಗೆ ಬಿಸಿಲನ್ನು ಅಡ್ಡಲಾಗಿ ತಿರುಗಿಸಿದರೆ ಅದೇ ಕೆಲಸ ಆಗುತ್ತದೆ.

ದಾರಿ ಮತ್ತು ಊರಿನವರು

ಸಂಗನಕಲ್ಲು ಬಳ್ಳಾರಿಯ ಈಶಾನ್ಯ ದಿಕ್ಕಿಗೆ, ಮೋಕಾ ಕಡೆಯ ದಾರಿಯಲ್ಲಿ ಸಿಗುತ್ತದೆ. ಬೈಕು, ಆಟೊ ಎರಡಕ್ಕೂ ಕಷ್ಟವಿಲ್ಲ. ಆಟೊದಲ್ಲಿ ಹೋಗುವವರು ವಾಪಸ್ ಬರುವ ವೇಳೆಗೂ ಮೊದಲೇ ಮಾತಾಡಿಕೊಂಡಿರಿ.

ಮ್ಯಾಪಿನ ಚುಕ್ಕಿ ನಂಬಿ ಸೀದಾ ಗುಡ್ಡಕ್ಕೆ ನುಗ್ಗುವುದಕ್ಕಿಂತ ಊರಲ್ಲಿ ಹತ್ತು ನಿಮಿಷ ನಿಲ್ಲುವುದು ಲೇಸು. ಹೋಟೆಲ್‌ನಲ್ಲಿ ಒಂದು ಚಾ ಕುಡಿದು, ಯಾವುದಕ್ಕೆ ಬಂದಿದ್ದೇವೆ ಅಂತ ಹೇಳಿ. ಇದು ಬರೀ ಮರ್ಯಾದೆಯ ಮಾತಲ್ಲ. ನಮ್ಮ ಕಡೆ ಹಳೇ ಕಲ್ಲು, ಹಳೇ ಗುಡಿ ಅಂದರೆ ನಿಧಿ ಹುಡುಕುವವರ ಕಾಟ ಎಲ್ಲ ಊರಿಗೂ ಗೊತ್ತು. ಕೆತ್ತಿದ ಎತ್ತು ಕಂಡರೆ "ಇದರ ಕೆಳಗ ಹೊನ್ನು ಐತಿ" ಎಂದು ಅಗೆಯುವ ಮಂದಿ ಇದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಬ್ಯಾಗು ಹೊತ್ತು ಗುಡ್ಡ ಹತ್ತುವ ಅಪರಿಚಿತರ ಮೇಲೆ ಊರವರಿಗೆ ಅನುಮಾನ ಬಂದರೆ ತಪ್ಪಿಲ್ಲ. ಸುತ್ತಿಗೆ, ಹಾರೆ, ಕುರುಪಿಯಂಥದ್ದು ಬ್ಯಾಗಿನಲ್ಲಿ ಇರಲೇಬಾರದು. ನಿಂಬೆಹಣ್ಣು ಕುಂಕುಮವಂತೂ ಬೇಡವೇ ಬೇಡ. ಶಾಲೆ ಮಕ್ಕಳ ಗುಂಪು ಕರೆದೊಯ್ಯುವ ಮೇಷ್ಟ್ರುಗಳು ಗ್ರಾಮ ಪಂಚಾಯಿತಿಗೆ ಮೊದಲೇ ಒಂದು ಮಾತು ಹೇಳಿರಲಿ.

ಕುರಿ ಕಾಯುವವರು ಸಿಕ್ಕರೆ ಬಿಡಬೇಡಿ. ಹಿರಿಯರಾದರೆ "ತಾತಾ", ನಿಮ್ಮ ವಯಸ್ಸಿನವರಾದರೆ "ಅಣ್ಣಾ" ಅಂತ ಮಾತಿಗೆಳೆದು, "ಕರಿ ಗುಂಡಿನ ಮ್ಯಾಲ ದನದ ಚಿತ್ರ ಅದಾವಂತಲ್ಲ, ಯಾ ಕಡಿ ಬರ್ತಾವ?" ಅಂತ ಕೇಳಿ. "ಶಿಲಾಯುಗದ ಕುಟ್ಟುಚಿತ್ರ ಎಲ್ಲಿವೆ" ಅಂದರೆ ನಿಮ್ಮ ಮುಖ ನೋಡುತ್ತಾರೆ. ತೆಲುಗಿನಲ್ಲಿ ಕೇಳಿದರೂ ನಡೆಯುತ್ತದೆ, ಈ ಸೀಮೆಯಲ್ಲಿ ಎರಡೂ ಓಡುತ್ತವೆ. ದಿನವೂ ಅದೇ ಗುಡ್ಡದಲ್ಲಿ ಅಲೆಯುವ ಅವರಿಗೆ ಯಾವ ಬಂಡೆ ಯಾವ ಹೊತ್ತಿನಲ್ಲಿ ಕಾಣುತ್ತದೆ ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ದಾರಿ ತೋರಿಸಲು ಜೊತೆಗೆ ಬಂದರೆ ಅವರ ಹೊತ್ತಿಗೆ ತಕ್ಕ ದುಡ್ಡು ಕೊಡಿ.

ಹತ್ತುವಾಗ

ಮೆಟ್ಟಿಲಿಲ್ಲ, ಕಂಬಿಯಿಲ್ಲ. ಗುಂಡಿನ ಮೇಲೆ ಗುಂಡು, ನಡುವೆ ಬಳ್ಳಾರಿ ಜಾಲಿ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಕಾಲಿಗೆ ಬರುತ್ತದೆ, ಆದ್ದರಿಂದ ದಪ್ಪ ಅಟ್ಟೆಯ ಬೂಟು, ಉದ್ದ ಪ್ಯಾಂಟು. ಒಬ್ಬರಿಗೆ ಎರಡು ಲೀಟರ್ ನೀರು. ಮೇಲೆ ನೀರಿನ ಆಸರೆ ನಂಬಬೇಡಿ.

ಕೈ ಊರುವ ಮುಂಚೆ ಆ ಸಂದು ನೋಡಿ. ಚೇಳು, ಹಾವು ಎರಡೂ ಕಲ್ಲಿನ ಸಂದಿನಲ್ಲೇ ಇರುತ್ತವೆ, ಹಾವುಗಳು ಚಳಿಗಾಲದ ಬೆಳಗ್ಗೆ ಬಿಸಿಲು ಕಾಯಿಸಲು ಬಂಡೆ ಮೇಲೂ ಬಂದಿರುತ್ತವೆ. ಬಂಡೆಯ ಅಡಿಯಲ್ಲಿ ಹೆಜ್ಜೇನು ಕಟ್ಟಿದ್ದು ಕಂಡರೆ ಮಾತು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಸೆಂಟು ಹಾಕಿಕೊಂಡು ಬರಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಒಬ್ಬರೇ ಹೋಗುವುದು ಬೇಡ. ಕಚ್ಚಿತೋ, ಬಿದ್ದಿರೋ, ನಾಟಿ ಮದ್ದು ಹುಡುಕದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಅಪಾಯ ಮನುಷ್ಯರದ್ದು. ಕಲ್ಲುಗಣಿಗಾರಿಕೆ ಈ ಗುಡ್ಡದ ಒಂದಷ್ಟು ಭಾಗವನ್ನು ತಿಂದುಹಾಕಿದೆ. ಒಡೆದು ಬಿಟ್ಟ ಜಾಗಗಳಲ್ಲಿ ಅಂಚು ಸಡಿಲ, ಮಳೆಗಾಲದಲ್ಲಿ ನೀರು ನಿಂತ ಕುಳಿಗಳ ಆಳ ತಿಳಿಯುವುದಿಲ್ಲ. ಮಕ್ಕಳನ್ನು ಆ ಕಡೆ ಬಿಡಬೇಡಿ.

ಬಂಡೆಯ ಮುಂದೆ ನಿಂತ ಮೇಲೆ

ಕರಿಗುಂಡಿನ ಸಾಲು ಸಿಕ್ಕಿತು ಅಂದುಕೊಳ್ಳಿ. ತಕ್ಷಣ ಹತ್ತಿರ ಹೋಗಿ ಮೂಗು ತಾಗಿಸಬೇಡಿ. ಮೊದಲು ಐದಾರು ಹೆಜ್ಜೆ ದೂರ ನಿಂತು, ಎಡಕ್ಕೆ ಬಲಕ್ಕೆ ಓಡಾಡಿ, ಕೂತು, ಎದ್ದು ನೋಡಿ. ಕಣ್ಣು ಪಳಗಲು ಹತ್ತು ನಿಮಿಷವಾದರೂ ಬೇಕು. ಮೊದಲು ಕಾಣುವುದು ಸಾಮಾನ್ಯವಾಗಿ ಎತ್ತಿನ ಬೆನ್ನಿನ ಗೆರೆ. ಒಂದು ಎತ್ತು ಕಂಡಿತೆಂದರೆ ಅದರ ಪಕ್ಕದಲ್ಲೇ ಇನ್ನೊಂದು, ಅದರ ಕೆಳಗೊಂದು ಅನ್ನುತ್ತ ಬಂಡೆ ತುಂಬ ಹರಡಿಕೊಳ್ಳುತ್ತವೆ. ಒಗಟಿನ ಉತ್ತರ ಒಮ್ಮೆ ಗೊತ್ತಾದ ಮೇಲೆ ಮರೆಯಲು ಬರದಂತೆ, ಆಮೇಲೆ ಅವು ಕಣ್ಣಿಂದ ಹೋಗುವುದೇ ಇಲ್ಲ.

ದನಗಳೇ ಹೆಚ್ಚು: ಪಕ್ಕದಿಂದ ನೋಡಿದಂತೆ, ಉದ್ದ ಕೋಡು, ಎದ್ದು ಕಾಣುವ ಡುಬ್ಬ. ಇದರಲ್ಲಿ ಆಶ್ಚರ್ಯವಿಲ್ಲ. ಇದೇ ಜನ ತಮ್ಮ ದನದ ಹಟ್ಟಿಯಲ್ಲಿ ಗುಡ್ಡೆಯಾದ ಸೆಗಣಿಯನ್ನು ಮತ್ತೆ ಮತ್ತೆ ಸುಟ್ಟು ಬೂದಿದಿಬ್ಬಗಳನ್ನು ಬಿಟ್ಟುಹೋದವರು. ಕಪ್ಪಗಲ್ಲಿನಲ್ಲೂ ಒಂದಿದೆ, ಬಳ್ಳಾರಿ-ಹೊಸಪೇಟೆ ದಾರಿಯ ಕುಡತಿನಿ ಹತ್ತಿರವೂ ಇದೆ. ಕುಡತಿನಿಯದನ್ನು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದೂ, ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಎಂದೂ ನಮ್ಮ ಹಿರಿಯರು ಹೇಳುತ್ತ ಬಂದರು. ಅದು ಸೆಗಣಿ ಬೂದಿಯೇ ಎಂದು ಜಾಯ್ನರ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ನೋಡಿ 1960ರ ಹೊತ್ತಿಗೆ ತೋರಿಸಿಕೊಟ್ಟ. ದನವೇ ಸಿರಿ, ದನವೇ ದೇವರು ಅನ್ನುವಂತೆ ಬದುಕಿದವರು ಬಂಡೆಯ ಮೇಲೆ ಇನ್ನೇನನ್ನು ಕುಟ್ಟಿಯಾರು?

ಮನುಷ್ಯರೂ ಇದ್ದಾರೆ. ಕೈ ಕೈ ಹಿಡಿದು ಸಾಲಾಗಿ ನಿಂತವರು, ಬಿಲ್ಲು ಹಿಡಿದವರು, ಒಂಟಿಯಾಗಿ ಕುಣಿಯುವವರು. ಕೆಲವು ಗಂಡಸರ ಚಿತ್ರಗಳಲ್ಲಿ ಉದ್ರೇಕಗೊಂಡ ಅಂಗವನ್ನು ಮುಚ್ಚುಮರೆಯಿಲ್ಲದೆ ತೋರಿಸಿದೆ, ಜೋಡಿಗಳ ಚಿತ್ರವೂ ಇದೆ. ಮಕ್ಕಳನ್ನು ಕರೆದೊಯ್ಯುವವರಿಗೆ ಮೊದಲೇ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಕರೆದೊಯ್ಯಬೇಡಿ ಅಂತಲ್ಲ. ನಮ್ಮ ಗುಡಿಗಳ ಹೊರಗೋಡೆಯಲ್ಲಿ ಇಲ್ಲದ್ದೇನೂ ಅಲ್ಲಿಲ್ಲ.

ಕೆಲವು ಚಿತ್ರಗಳಿರುವ ಜಾಗ ನೋಡಿದರೆ, ಇಲ್ಲಿಗೆ ಮನುಷ್ಯ ಬಂದು ಕುಟ್ಟಿದ್ದಾದರೂ ಹೇಗೆ ಅನ್ನಿಸುತ್ತದೆ. ಕಾಲಿಡಲು ತಾವಿಲ್ಲದ ಬಂಡೆಯ ಹೊಟ್ಟೆಯಲ್ಲಿ, ಮೇಲಿನಿಂದ ಇಳಿಬಿದ್ದು ಕೆಲಸ ಮಾಡಿರಬೇಕು ಅನ್ನುವಂಥ ಕಡೆ ಎತ್ತುಗಳಿವೆ. ಎಲ್ಲರ ಕಣ್ಣಿಗೂ ಬೀಳಲಿ ಎಂದು ಮಾಡಿದ್ದಾಗಿದ್ದರೆ ಕೆಳಗೆ ಬೇಕಾದಷ್ಟು ಬಂಡೆಗಳಿದ್ದವು. ಅಲ್ಲಿಗೆ ಹತ್ತುವುದು, ಕುಟ್ಟುವುದು, ಕುಟ್ಟುವಾಗ ಏಳುವ ಸದ್ದು, ಇವೇ ಅವರಿಗೆ ಮುಖ್ಯವಾಗಿದ್ದಿರಬಹುದು ಎಂದು ಬೋವಿನ್ ವಾದಿಸಿದ್ದಾರೆ. ನನಗೂ ಆ ಮಾತು ಸರಿಯೆನ್ನಿಸುತ್ತದೆ. ಆ ಎತ್ತುಗಳನ್ನು ಕೆಳಗಿನಿಂದಲೇ ನೋಡಿ. ಅವರಂತೆ ನೀವೂ ಹತ್ತಬೇಕಾಗಿಲ್ಲ.

ಎಲ್ಲ ಚಿತ್ರವೂ ನಾಲ್ಕು ಸಾವಿರ ವರ್ಷ ಹಳೆಯದಲ್ಲ. ಅದನ್ನು ಬೇರೆ ಮಾಡಿ ನೋಡುವುದರಲ್ಲೇ ಅರ್ಧ ಖುಷಿ ಇರುವುದು. ಮೊದಲು ಬಣ್ಣ ನೋಡಿ. ಹೊಸದಾಗಿ ಕುಟ್ಟಿದ ಕರಿಕಲ್ಲು ತಿಳಿಬೂದಿ ಬಣ್ಣಕ್ಕೆ ತಿರುಗಿ ಬೆಳ್ಳಗೆ ಹೊಳೆಯುತ್ತದೆ. ಬಿಸಿಲು, ಮಳೆ, ಗಾಳಿಗೆ ಶತಮಾನಗಳು ಸರಿದಂತೆ ಆ ಗಾಯ ಮತ್ತೆ ಕಪ್ಪಾಗಿ ಬಂಡೆಯ ಬಣ್ಣಕ್ಕೆ ಸೇರುತ್ತದೆ. ಬಂಡೆಯಷ್ಟೇ ಕಪ್ಪಾದ ಎತ್ತು ಹಳೆಯದು, ಬೆಳ್ಳಗೆ ಎದ್ದು ಕಾಣುವ ಹೆಸರು ನಿನ್ನೆ ಮೊನ್ನೆಯದು. ನೀರು ಹರಿಯುವ ಜಾಗ ಬೇಗ ಕಪ್ಪಾಗುತ್ತದೆ, ಮರೆಯಲ್ಲಿರುವುದು ತಡವಾಗಿ. ಹಾಗಾಗಿ ಒಂದೇ ಬಂಡೆಯ ಒಂದೇ ಮೈಯಲ್ಲಿರುವ ಚಿತ್ರಗಳನ್ನಷ್ಟೇ ಒಂದಕ್ಕೊಂದು ಹೋಲಿಸಬೇಕು. ಎರಡನೆಯದು, ಯಾವುದು ಯಾವುದರ ಮೇಲೆ ಕೂತಿದೆ ಎಂಬುದು. ಮೇಲಿನ ಗೆರೆ ಕೆಳಗಿನದಕ್ಕಿಂತ ಹೊಸದೆಂಬುದರಲ್ಲಿ ಸಂದೇಹವಿಲ್ಲ. ಮೂರನೆಯದು ಕೈಚಳಕ. ಕಲ್ಲಿನಿಂದ ಕುಟ್ಟಿದ್ದು ಚುಕ್ಕಿಗಳ ಗುಂಪಾಗಿರುತ್ತದೆ, ಕಬ್ಬಿಣದ ಮೊನೆಯಿಂದ ಗೀರಿದ್ದು ಸಣ್ಣ ಚೂಪು ಗೆರೆಯಾಗಿರುತ್ತದೆ. ಕುದುರೆ ಸವಾರ, ಅಕ್ಷರ ಕಂಡರೆ ಅದು ನವಶಿಲಾಯುಗದ್ದಲ್ಲ. ಆನೆ, ಹುಲಿಯ ಕೆಲವು ಚಿತ್ರಗಳೂ ಆಮೇಲಿನ ಕಾಲದವು. ಅಂದರೆ ಕುಟ್ಟುವ ಕೆಲಸ ಒಂದು ಕಾಲಕ್ಕೆ ನಿಂತದ್ದಲ್ಲ, ಗುಡ್ಡಕ್ಕೆ ಬಂದವರು ಬಂಡೆಗೆ ಏನಾದರೊಂದು ಸೇರಿಸುತ್ತಲೇ ಹೋಗಿದ್ದಾರೆ. ಪ್ರೇಮಿಗಳ ಹೆಸರೂ ಆ ಸಾಲಿಗೇ ಸೇರಿತಲ್ಲವೇ ಎಂದು ಕೇಳುವ ಜಾಣರಿದ್ದಾರೆ. ಅವರಿಗೆ ಹೇಳುವುದಿಷ್ಟೇ: ಹಳೆಯವರ ಬಳಿ ಬರೆಯಲು ಬೇರೆ ಏನೂ ಇರಲಿಲ್ಲ, ನಿಮ್ಮ ಕೈಯಲ್ಲಿ ಫೋನಿದೆ.

ನಾದದ ಗುಂಡು

ಸಾಲಿನ ಕೆಲವು ಗುಂಡುಗಳ ಮೇಲೆ ಚಿತ್ರವಿಲ್ಲ, ಬಟ್ಟಲಿನಂಥ ಸಣ್ಣ ಕುಳಿಗಳು, ತೋಡಿದಂಥ ಗೆರೆಗಳಿವೆ. ಆ ಜಾಗದಲ್ಲಿ ಗ್ರಾನೈಟ್ ಕಲ್ಲಿನಿಂದ ಬಡಿದರೆ ಗಂಟೆಯಂಥ, ಜಾಗಟೆಯಂಥ ನಾದ ಬರುತ್ತದೆ. ಕರಿಕಲ್ಲು ಒತ್ತಾದ ಸಣ್ಣ ಹರಳಿನ ಶಿಲೆ. ಬಿರುಕಿಲ್ಲದ ಗುಂಡು ಎರಡು ಮೂರು ಕಡೆ ಮಾತ್ರ ಆತುಕೊಂಡು ಕೂತಿದ್ದರೆ ಬಡಿದ ಪೆಟ್ಟು ಅದರ ಮೈಯೊಳಗೇ ತುಂಬ ಹೊತ್ತು ಕಂಪಿಸುತ್ತದೆ. ಮಣ್ಣಲ್ಲಿ ಹೂತ ಕಲ್ಲು ಹೀಗೆ ನುಡಿಯುವುದಿಲ್ಲ.

ಬಡಿದು ನೋಡಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಆ ಕುಳಿಗಳು ಆಗಿದ್ದೇ ಪೆಟ್ಟಿನಿಂದ, ನೀವು ಕೊಡುವ ಪೆಟ್ಟೂ ಒಂದು ಪುಡಿ ಕಲ್ಲನ್ನು ಉದುರಿಸುತ್ತದೆ. ಭಾನುವಾರಕ್ಕೆ ನೂರು ಜನ ಬಂದು ನಾಲ್ಕು ನಾಲ್ಕು ಪೆಟ್ಟು ಹಾಕಿದರೆ ಹಳೇ ಕುಳಿ ಯಾವುದು, ನಮ್ಮದು ಯಾವುದು ಅನ್ನುವುದೇ ಅಳಿಸಿಹೋಗುತ್ತದೆ. ನಾದ ಕೇಳಲೇಬೇಕೆಂದರೆ, ಗುಡ್ಡದ ಬುಡದಲ್ಲಿ ಕುಳಿಯಾಗಲಿ ಚಿತ್ರವಾಗಲಿ ಇಲ್ಲದ, ಒಡೆದು ಉರುಳಿದ ಕರಿಕಲ್ಲಿನ ತುಂಡನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗ್ರಾನೈಟಿಗೂ ಅದಕ್ಕೂ ಇರುವ ಫರಕು ಅಷ್ಟರಲ್ಲೇ ಕಿವಿಗೆ ಸಿಗುತ್ತದೆ.

ಫೋಟೊ

ಫೋಟೊ ಚೆನ್ನಾಗಿ ಬರಲೆಂದು ಗೆರೆಗಳಿಗೆ ಸುಣ್ಣದ ಕಡ್ಡಿ ಬಳಿಯುವ ಹಳೇ ಚಟವೊಂದಿದೆ. ಮುಂಚೆ ಓದಿದವರೂ ಮಾಡುತ್ತಿದ್ದರು. ಈಗ ಯಾರೂ ಮಾಡಬಾರದು. ಬಳಿದವನಿಗೆ ಕಂಡ ಚಿತ್ರವೇ ಮುಂದಿನವರಿಗೂ ಕಾಣುತ್ತದೆ, ನಿಜವಾದದ್ದು ಅದರಡಿ ಮುಚ್ಚಿಹೋಗುತ್ತದೆ. ನೀರು ಎರಚುವುದು, ಎಣ್ಣೆ ಸವರುವುದು, ಪಾಚಿ ಕೆರೆಯುವುದು, ಕಾಗದವಿಟ್ಟು ಪೆನ್ಸಿಲ್ ಉಜ್ಜುವುದು ಎಲ್ಲವೂ ಇದೇ ಜಾತಿ. ಚಿತ್ರದ ಮೇಲೆ ಕೈಯನ್ನೂ ಇಡಬೇಡಿ.

ಫೋನ್ ಕ್ಯಾಮೆರಾ ಸಾಕು. ಮೊದಲು ಇಡೀ ಸಾಲಿನ ಒಂದು ಫೋಟೊ, ಆಮೇಲೆ ಆ ಒಂದು ಗುಂಡು, ಆಮೇಲೆ ಚಿತ್ರವಿರುವ ಮೈ, ಕೊನೆಗೆ ಚಿತ್ರ. ಹೀಗೆ ಕ್ರಮವಾಗಿ ತೆಗೆಯದಿದ್ದರೆ ಮನೆಗೆ ಬಂದ ಮೇಲೆ ಯಾವ ಎತ್ತು ಯಾವ ಬಂಡೆಯದೆಂದು ನಿಮಗೇ ಗೊತ್ತಾಗುವುದಿಲ್ಲ. ಅಳತೆಗೆ ಚಿತ್ರದ ಪಕ್ಕದಲ್ಲಿ ಸ್ಕೇಲೋ ಪೆನ್ನೋ ಹಿಡಿಯಿರಿ, ಮೇಲಿಡಬೇಡಿ. ಫ್ಲ್ಯಾಶ್ ಆರಿಸಿ, ಅದು ನೇರ ಬೆಳಕು, ಮಧ್ಯಾಹ್ನದ ಬಿಸಿಲಿನ ತಪ್ಪನ್ನೇ ಮಾಡುತ್ತದೆ. ಮನೆಯಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಏರಿಸಿದರೆ ಗುಡ್ಡದ ಮೇಲೆ ಕಾಣದ ಎಷ್ಟೋ ಕಾಲು, ಬಾಲ ಕಾಣುತ್ತವೆ. ಸ್ಟೇಟಸ್‌ಗೆ ಹಾಕುವಾಗ ಊರಿನ ಹೆಸರು ಸಾಕು. ಬಂಡೆಯ ನಿಖರ ಲೊಕೇಶನ್ ಹಾಕುವುದೆಂದರೆ ನಿಧಿಗಳ್ಳರಿಗೆ ದಾರಿ ಬರೆದುಕೊಟ್ಟ ಹಾಗೆ.

ಕಾಲಡಿ ಸಿಗುವ ಕೊಡಲಿ ಚಕ್ಕೆ, ಮಡಕೆ ಚೂರು ಜೇಬಿಗೆ ಹೋಗಬಾರದು. ಬಿದ್ದ ಜಾಗದಲ್ಲಿದ್ದರೆ ಅದು ಅಲ್ಲಿ ಕೂತು ಕೊಡಲಿ ಮಾಡಿದವನ ಕಥೆ ಹೇಳುತ್ತದೆ, ನಿಮ್ಮ ಶೋಕೇಸಿನಲ್ಲಿ ಅದು ಬರೀ ಕಲ್ಲು.

ಕೊಪ್ಪಳ, ರಾಯಚೂರಿನವರು ಬಳ್ಳಾರಿ ತನಕ ಬರಬೇಕಿಲ್ಲ

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ನೂರಾರು ಶಿಲಾಗೋರಿಗಳಿವೆ. ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿದ, ಗೋಡೆಯಲ್ಲಿ ಗುಂಡನೆ ಕಿಂಡಿ ಕೊರೆದ ಕಲ್ಲಮನೆಗಳು ಅವು. ಸುತ್ತಲಿನ ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. 2021ರಲ್ಲಿ ಇದು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲೂ ನಗಾರಿಯ ಆಕಾರದ, ಬಡಿದರೆ ದೂರಕ್ಕೆ ಕೇಳುವ ಗುಂಡೊಂದಿದೆ. ಬಂಡೆಯ ಮರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ. ಬಣ್ಣದ ಚಿತ್ರಕ್ಕೆ ನನ್ನ ಬಿಸಿಲಿನ ಲೆಕ್ಕ ತಲೆಕೆಳಗು: ಅಡ್ಡ ಬಿಸಿಲು ಬೇಡ, ತಂಪಾದ ಒಂದೇ ಸಮನೆಯ ನೆರಳು ಬೇಕು. ಮೋಡದ ದಿನ ಅಲ್ಲಿಗೆ ಒಳ್ಳೆಯದು. ಏರು ಹಿರೇಗುಡ್ಡಕ್ಕಿಂತ ದಣಿಸುತ್ತದೆ, ಇಡೀ ದಿನ ಇಟ್ಟುಕೊಳ್ಳಿ.

ಕೊಪ್ಪಳ ಪೇಟೆಯವರಿಗೆ ಅಷ್ಟು ದೂರವೂ ಬೇಡ. ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನಗಳಿವೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದ್ದು ಸವೆದಿದೆ. ಒಂದೇ ಪಠ್ಯವಾದ್ದರಿಂದ ಮೊದಲು ಗವಿಮಠದ್ದು ನೋಡಿ. ರಾಯಚೂರಿನವರಿಗೆ ಮಸ್ಕಿ ಇದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡ ಆ ಬಂಡೆಯಲ್ಲಿ "ದೇವಾನಾಂಪಿಯ" ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದ್ದುದರಿಂದ, ಊರೂರಿನ ಬಂಡೆಗಳಲ್ಲಿ ಮಾತಾಡುತ್ತಿದ್ದ ರಾಜ ಯಾರೆಂಬುದು ಖಚಿತವಾಯಿತು. ಬ್ರಾಹ್ಮಿ ಅಕ್ಷರಗಳೂ ಸವರುವ ಬಿಸಿಲಿನಲ್ಲೇ ಓದಲು ಬರುವುದು, ಬೆಳಿಗ್ಗೆ ಹೋಗಿ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದ ಬಂಡೆಗಳಲ್ಲಿ ಹಿರೇಗುಡ್ಡದ್ದೇ ಥರದ ದನಗಳಿವೆ. ಪುರಾತತ್ವಜ್ಞ ಆಲ್ಚಿನ್ 1952ರಲ್ಲಿ ಅಲ್ಲಿ ಅಗೆದು ನವಶಿಲಾಯುಗದ ಊರನ್ನು ಹೊರತೆಗೆದ.

ನಿಮ್ಮೂರ ಗುಡ್ಡದಲ್ಲೇ ಸಿಕ್ಕರೆ

ಒಮ್ಮೆ ಕಣ್ಣು ಪಳಗಿತೆಂದರೆ ನಿಮ್ಮ ಹೊಲದ ಹಿಂದಿನ ಗುಡ್ಡದಲ್ಲೂ ಎತ್ತು ಕಾಣಿಸಬಹುದು. ಈ ಮೂರು ಜಿಲ್ಲೆಗಳಲ್ಲಿ ಅದೇನೂ ಅಪರೂಪವಲ್ಲ. ಸಿಕ್ಕರೆ ಮೇಲೆ ಹೇಳಿದ ಕ್ರಮದಲ್ಲಿ ಫೋಟೊ ತೆಗೆಯಿರಿ. ದಿನ, ಹೊತ್ತು, ಸರ್ವೆ ನಂಬರ್ ಗೊತ್ತಿದ್ದರೆ ಅದು, ಹತ್ತಿರದ ಊರು, ಕೆರೆ ಅಥವಾ ಗುಡಿಯಿಂದ ಎಷ್ಟು ದೂರ, ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಊರವರು ಆ ಬಂಡೆಗೆ ಏನೆನ್ನುತ್ತಾರೆ, ಏನು ಕಥೆ ಹೇಳುತ್ತಾರೆ ಅನ್ನುವುದನ್ನೂ ಸೇರಿಸಿ. ಸಂಶೋಧಕರು ಆಮೇಲೆ ಬಂದರೂ ಆ ಕಥೆ ಹೇಳುವ ಅಜ್ಜ ಅಜ್ಜಿ ಆಗ ಇರುತ್ತಾರೆಂದು ಹೇಳಲಾಗದು. ಈ ಹಾಳೆಯನ್ನು ಫೋಟೊಗಳ ಜೊತೆ ರಾಜ್ಯ ಪುರಾತತ್ವ ಇಲಾಖೆಗೆ, ಇಲ್ಲವೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೆ ಕಳಿಸಿ, ಒಂದು ಪ್ರತಿ ನಿಮ್ಮಲ್ಲಿರಲಿ. ಗುಡ್ಡದಲ್ಲಿ ಕಲ್ಲು ಒಡೆಯುವ ಕೆಲಸ ನಡೆದಿದ್ದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆದು, ತಹಶೀಲ್ದಾರರ ಕಚೇರಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.